ಸ್ವಯಂಭೂನಾಥದ ಬೆಟ್ಟ: ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಹೋಗುವುದು ಹೇಗೆ?

ಕಬಿನಿ ತೀರ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬರುವ ನವೆಂಬರಿನಲ್ಲಿ ನಾನು, ನನ್ನ ಅಮ್ಮ ಮತ್ತು ಹತ್ತು ವರ್ಷದ ಮಗ ಐದು ದಿನಗಳ ಮಟ್ಟಿಗೆ ಕಾಠ್ಮಂಡುವಿಗೆ ಹೊರಟಿದ್ದೇವೆ. ಪಶುಪತಿನಾಥನ ದರ್ಶನ ಅಮ್ಮನ ಬಹುಕಾಲದ ಆಸೆ. ಅದರ ವ್ಯವಸ್ಥೆಯೆಲ್ಲ ಆಗಿರುವುದರಿಂದ ಆ ಬಗ್ಗೆ ಪ್ರಶ್ನೆಯೇನೂ ಇಲ್ಲ. ನನಗೆ ನೋಡಬೇಕೆನಿಸಿರುವುದು ಊರಿನ ಪಶ್ಚಿಮದ ಗುಡ್ಡದ ಮೇಲಿರುವ ಸ್ವಯಂಭೂನಾಥದ ಸ್ತೂಪ. ಅದನ್ನು ಕುರಿತು ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿರುವುದರಿಂದ, ಹೋಗಿ ಬಂದವರನ್ನೇ ಕೇಳೋಣವೆಂದು ಬರೆಯುತ್ತಿದ್ದೇನೆ.

ಅಮ್ಮನಿಗೆ ಅರವತ್ತೆಂಟು ವರ್ಷ, ಎರಡೂ ಮಂಡಿಗಳಲ್ಲಿ ನೋವಿದೆ. ಸಮತಟ್ಟಾದ ನೆಲದಲ್ಲಿ ಒಂದು ಕಿಲೋಮೀಟರ್ ನಡೆಯುತ್ತಾರೆ. ಮೆಟ್ಟಿಲು ಎಂದರೆ ಹಿಂಜರಿಯುತ್ತಾರೆ. ಚಾಮುಂಡಿ ಬೆಟ್ಟಕ್ಕೂ ಈಗ ಬಸ್ಸಿನಲ್ಲೇ ಹೋಗುವುದು. ಸ್ವಯಂಭೂವಿನಲ್ಲಿ 365 ಮೆಟ್ಟಿಲುಗಳಿವೆ ಎಂದು ಒಂದು ಕಡೆ ಓದಿದೆ, ಮೆಟ್ಟಿಲೇ ಇಲ್ಲದೆ ಟ್ಯಾಕ್ಸಿಯಲ್ಲಿ ಮೇಲಕ್ಕೆ ಹೋಗಬಹುದು ಎಂದು ಇನ್ನೊಂದು ಕಡೆ. ಇವುಗಳಲ್ಲಿ ಯಾವುದು ನಿಜ? ಅಲ್ಲಿ ಕೋತಿಗಳ ಕಾಟ ವಿಪರೀತ ಎನ್ನುತ್ತಾರೆ. ಮಗ ಸುಮ್ಮನಿರುವ ಹುಡುಗನಲ್ಲವಾದ್ದರಿಂದ ಅದೂ ಒಂದು ಚಿಂತೆ.

ಇನ್ನೊಂದು ಪ್ರಶ್ನೆ ಅಮ್ಮನದು. ‘ಬುದ್ಧನ ಗುಡಿಯಲ್ಲಿ ನನಗೇನು ಕೆಲಸ? ನಾನು ಅಲ್ಲಿ ಕೈ ಮುಗಿಯಬಹುದೇ, ಹೂವು ಹಣ್ಣು ಕೊಡಬಹುದೇ, ಅಥವಾ ಸುಮ್ಮನೆ ನೋಡಿಕೊಂಡು ಬರಬೇಕೇ?’ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಅನುಭವವೆಂದರೆ ಬೈಲಕುಪ್ಪೆಯ ಸ್ವರ್ಣ ಮಂದಿರವೊಂದೇ, ಅಲ್ಲಿ ದೊಡ್ಡ ಮೂರ್ತಿಗಳೆದುರು ಫೋಟೋ ತೆಗೆಸಿಕೊಂಡು ಬಂದಿದ್ದೆವು. ಈ ಸಲವೂ ಹಾಗೆಯೇ ಆಗುವುದು ನನಗೆ ಇಷ್ಟವಿಲ್ಲ.

ವಿಷ್ಣುಮತಿ (ಬೆಂಗಳೂರು) ಉತ್ತರ:

ಕೆಲಸದ ನಿಮಿತ್ತ ಮೂರು ವರ್ಷ ಕಾಠ್ಮಂಡುವಿನಲ್ಲಿದ್ದೆ. ಸ್ವಯಂಭೂವಿಗೆ ಎಷ್ಟು ಸಲ ಹೋಗಿದ್ದೇನೆಂದು ಲೆಕ್ಕವಿಟ್ಟಿಲ್ಲ. ನೀವು ಓದಿದ ಎರಡು ಮಾತುಗಳಲ್ಲಿ ಒಂದು ನಿಜ, ಇನ್ನೊಂದು ಅರ್ಧ ನಿಜ. ಗುಡ್ಡಕ್ಕೆ ಪೂರ್ವದ ಕಡೆಯಿಂದ ನೇರವಾಗಿ ಏರುವ ಕಲ್ಲಿನ ಮೆಟ್ಟಿಲ ಸಾಲಿದೆ. ಅಲ್ಲಿನವರು ವರ್ಷದ ದಿನಗಳ ಲೆಕ್ಕದಲ್ಲಿ 365 ಎಂದೇ ಹೇಳುತ್ತಾರೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿದವರಿಗೆ ಇದು ಹೆಚ್ಚುಕಡಿಮೆ ಅದರ ಅರ್ಧದಷ್ಟು. ಆದರೆ ಮೊದಲ ಭಾಗ ನಿಧಾನವಾಗಿ ಏರುತ್ತ ಹೋಗಿ, ಕೊನೆಯ ಭಾಗ ಮಾತ್ರ ಏಣಿಯಂತೆ ಕಡಿದಾಗುತ್ತದೆ. ನಡುವೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿಯಿದ್ದರೂ ನಿಮ್ಮ ತಾಯಿಯವರಿಗೆ ಈ ದಾರಿ ಬೇಡ.

ಟ್ಯಾಕ್ಸಿ ಹೋಗುವುದು ಗುಡ್ಡದ ಇನ್ನೊಂದು ಬದಿಗೆ, ಅಂದರೆ ನೈಋತ್ಯದ ಕಡೆಗೆ. ಪ್ರವಾಸಿಗಳ ಬಸ್ಸುಗಳು ನಿಲ್ಲುವುದೂ ಅಲ್ಲಿಯೇ. ಅಲ್ಲಿಂದ ಸ್ತೂಪದ ಅಂಗಳಕ್ಕೆ ಮೆಟ್ಟಿಲುಗಳು ಕಡಿಮೆ, ಆದರೆ ಇಲ್ಲವೇ ಇಲ್ಲ ಎಂಬ ಮಾತು ತಪ್ಪು. ಒಳಗೆ ಬಂದ ಕೂಡಲೇ ಒಂದು ಪುಟ್ಟ ಕೊಳ, ಅದರ ನಡುವೆ ನಿಂತ ಬುದ್ಧನ ವಿಗ್ರಹ, ವಿಗ್ರಹದ ಮುಂದಿನ ಪಾತ್ರೆಗೆ ನಾಣ್ಯ ಎಸೆಯುವವರ ಗುಂಪು ಕಾಣಿಸುತ್ತದೆ. ನಾಣ್ಯ ಪಾತ್ರೆಯೊಳಗೆ ಬಿದ್ದರೆ ಅದೃಷ್ಟವಂತೆ. ನಿಮ್ಮ ಮಗ ಅಲ್ಲಿಯೇ ಅರ್ಧ ಗಂಟೆ ಕಳೆಯುವ ಸಾಧ್ಯತೆಯಿರುವುದರಿಂದ ಚಿಲ್ಲರೆ ಇಟ್ಟುಕೊಂಡಿರಿ. ಅಷ್ಟು ಹೊತ್ತು ತಾಯಿಯವರಿಗೂ ವಿಶ್ರಾಂತಿ ಸಿಕ್ಕಂತಾಗುತ್ತದೆ. ಅಲ್ಲಿಂದ ಮುಂದಿನ ಮೆಟ್ಟಿಲುಗಳನ್ನು ಅವರು ನಿಂತು ನಿಂತು ಹತ್ತಬಹುದು. ಇಳಿಯುವಾಗಲೂ ಅದೇ ದಾರಿಯಲ್ಲಿ ಇಳಿಯಿರಿ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ ಎಂಬುದನ್ನು ಮರೆತು ‘ಹೇಗೂ ಇಳಿಯುವುದಲ್ಲವೇ’ ಎಂದು ಪೂರ್ವದ ಮೆಟ್ಟಿಲುಗಳತ್ತ ಕರೆದೊಯ್ದು ಪೇಚಾಡಿದವರನ್ನು ನೋಡಿದ್ದೇನೆ.

ಪ್ರವೇಶಕ್ಕೆ ಟಿಕೆಟ್ ಇದೆ. ನಾನಿದ್ದ ಕಾಲದಲ್ಲಿ ಭಾರತೀಯರೂ ಸೇರಿದಂತೆ ಸಾರ್ಕ್ ದೇಶಗಳವರಿಗೆ 50 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 200 ಇತ್ತು. ನಮ್ಮ 100 ರೂಪಾಯಿಗೆ ಅಲ್ಲಿ 160 ರೂಪಾಯಿಯ ಲೆಕ್ಕ. ನವೆಂಬರ್ ಒಳ್ಳೆಯ ಆಯ್ಕೆ. ಮಳೆ ಮುಗಿದು ಆಕಾಶ ತಿಳಿಯಾಗಿರುತ್ತದೆ, ಅಂಗಳದ ಅಂಚಿನಲ್ಲಿ ನಿಂತರೆ ಇಡೀ ಕಣಿವೆ ಕಾಲ ಕೆಳಗೆ ಹರಡಿರುತ್ತದೆ. ಬೆಳಿಗ್ಗೆ ಚಳಿ ಇರುವುದರಿಂದ ತಾಯಿಯವರಿಗೆ ಶಾಲು ಅಗತ್ಯ. ಒಟ್ಟು ಎರಡು ಗಂಟೆ ಇಟ್ಟುಕೊಂಡರೆ ಸಾಕು.

ಧಾರವಾಡದ ಮಾಸ್ತರ ಉತ್ತರ:

ವಿಷ್ಣುಮತಿ ಅವರು ದಾರಿಯ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ, ಆದರೆ ‘ಎರಡು ಗಂಟೆ ಸಾಕು’ ಎಂಬುದನ್ನು ನಾನು ಒಪ್ಪುವುದಿಲ್ಲ. ಇತಿಹಾಸ ಕಲಿಸಿ ನಿವೃತ್ತನಾದವನ ಚಾಳಿ ಎಂದು ತಿಳಿದು ಈ ಉದ್ದದ ಉತ್ತರವನ್ನು ಸಹಿಸಿಕೊಳ್ಳಬೇಕು.

ತಂಗಿ, ನಿಮ್ಮ ತಾಯಿಯವರ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಉತ್ತರ ಪೂರ್ವದ ಮೆಟ್ಟಿಲುಗಳ ತುದಿಯಲ್ಲೇ ಇದೆ. ಮೆಟ್ಟಿಲು ಮುಗಿಯುವಲ್ಲಿ, ಸ್ತೂಪಕ್ಕೆ ಎದುರಾಗಿ, ಕಲ್ಲಿನ ಪೀಠದ ಮೇಲಿನ ಮಂಡಲದ ಮೇಲೆ ಚಿನ್ನದ ಮುಲಾಮಿನ ದೊಡ್ಡ ವಜ್ರವೊಂದನ್ನು ಇರಿಸಲಾಗಿದೆ. ಇಲ್ಲಿ ವಜ್ರವೆಂದರೆ ಹರಳಲ್ಲ, ಇಂದ್ರನ ವಜ್ರಾಯುಧ. ಈ ಕಣಿವೆಯ ಬೌದ್ಧರ ಮಾರ್ಗಕ್ಕೆ ವಜ್ರಯಾನ ಎಂಬ ಹೆಸರು ಬಂದಿರುವುದೂ ಅದರಿಂದಲೇ. ಈ ವಜ್ರವನ್ನು ಇರಿಸಿದವನು, ಆ ಮೆಟ್ಟಿಲ ದಾರಿಯನ್ನು ಕಟ್ಟಿಸಿದವನು ಕಾಠ್ಮಂಡುವಿನ ಅರಸ ಪ್ರತಾಪ ಮಲ್ಲ. ಅವನು ಆಳಿದ್ದು 1641ರಿಂದ 1674ರವರೆಗೆ. ಅವನು ಹಿಂದೂ ಅರಸ, ಪಶುಪತಿಯ ಭಕ್ತ. ಇಲ್ಲಿನ ಪುರೋಹಿತರು ಈ ಕಣಿವೆಯ ಹಳೆಯ ನಿವಾಸಿಗಳಾದ ನೇವಾರ ಸಮುದಾಯದ ಬುದ್ಧಾಚಾರ್ಯರು. ನೇವಾರರಲ್ಲಿ ಶಿವನನ್ನು ಪೂಜಿಸುವವರೂ ಬುದ್ಧನನ್ನು ಪೂಜಿಸುವವರೂ ಒಂದೇ ಬೀದಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇರುತ್ತಾರೆ. ಆದ್ದರಿಂದ ನಿಮ್ಮ ತಾಯಿ ಅಲ್ಲಿ ಕೈ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿಯ ಅರ್ಧ ಜನ ಮಾಡುವುದು ಅದನ್ನೇ.

ಮಾತು ಬಂದಿದ್ದರಿಂದ ಒಂದು ಅಡ್ಡ ಸಂಗತಿ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು ಎಂಬುದು ನಿಮ್ಮ ತಾಯಿಗೆ ತಿಳಿದೇ ಇರಬೇಕು. ಇದಕ್ಕಿಂತ ಹಳೆಯ ನಂಟೊಂದು ಇದೆ. 1097ರಲ್ಲಿ ಮಿಥಿಲೆಯ ಸೀಮೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ಮನೆತನಕ್ಕೆ ಕರ್ಣಾಟ ವಂಶವೆಂದೇ ಹೆಸರು. ಅವನ ರಾಜಧಾನಿ ಸಿಮ್ರೌನಗಢ ಈಗಿನ ನೇಪಾಳದ ತರಾಯಿಯಲ್ಲಿದೆ. ಮಲ್ಲ ಅರಸರು ತಮ್ಮ ಪೀಳಿಗೆಯನ್ನು ಈ ವಂಶಕ್ಕೆ ಜೋಡಿಸಿ ಹೇಳಿಕೊಳ್ಳುತ್ತಿದ್ದರು. ಆ ಜೋಡಣೆ ಎಷ್ಟು ಗಟ್ಟಿ ಎಂಬ ಚರ್ಚೆ ಬೇರೆ. ಆದರೂ ಕನ್ನಡಿಗನೊಬ್ಬ ಪ್ರತಾಪ ಮಲ್ಲನ ಮೆಟ್ಟಿಲುಗಳನ್ನು ಹತ್ತುವಾಗ ಮೀಸೆಯಂಚಿನಲ್ಲಿ ನಕ್ಕರೆ ತಪ್ಪೇನಿಲ್ಲ.

ಇನ್ನು ಸ್ತೂಪವನ್ನು ನೋಡುವ ಬಗೆ. ಕೆಳಗೆ ಸುಣ್ಣ ಬಳಿದ ಬಿಳಿಯ ಗುಮ್ಮಟ, ಅದರ ಮೇಲೆ ಚಿನ್ನದ ಮುಲಾಮಿನ ಚೌಕ, ಚೌಕದ ನಾಲ್ಕೂ ಮುಖಗಳಲ್ಲಿ ಅರೆತೆರೆದ ಕಣ್ಣುಗಳು, ಅದರ ಮೇಲೆ ಹದಿಮೂರು ಬಳೆಗಳ ಶಿಖರ. ಹದಿಮೂರು ಬಳೆಗಳು ಬೋಧಿಯತ್ತ ಏರುವ ಹದಿಮೂರು ಹಂತಗಳು. ಕಣ್ಣುಗಳ ನಡುವೆ ಮೂಗಿನಂತೆ ಕಾಣುವ ಸುರುಳಿ ಮೂಗಲ್ಲ. ಅದು ನೇಪಾಳಿಯಲ್ಲಿ ಬರೆಯುವ ಒಂದು ಎಂಬ ಅಂಕಿ, ಸತ್ಯ ಒಂದೇ ಎಂಬುದರ ಗುರುತು ಎಂದು ಅಲ್ಲಿಯವರು ವಿವರಿಸುತ್ತಾರೆ. ನಿಮ್ಮ ಮಗನಿಗೆ ಮೊದಲೇ ಹೇಳಬೇಡಿ, ಅವನೇ ಕೇಳಲಿ.

ಬಹುತೇಕ ಪ್ರವಾಸಿಗರು ಈ ಕಣ್ಣುಗಳನ್ನು ನೋಡಿ, ಫೋಟೋ ತೆಗೆದು, ಅಂಗಡಿಗಳ ಕಡೆ ತಿರುಗುತ್ತಾರೆ. ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವ ಗೂಡುಗಳನ್ನು ನೋಡುವವರು ಕಡಿಮೆ. ಅವುಗಳಲ್ಲಿರುವವರು ವಜ್ರಯಾನದ ಐವರು ಧ್ಯಾನಿ ಬುದ್ಧರು. ಪೂರ್ವದಲ್ಲಿ ಅಕ್ಷೋಭ್ಯ, ದಕ್ಷಿಣದಲ್ಲಿ ರತ್ನಸಂಭವ, ಪಶ್ಚಿಮದಲ್ಲಿ ಅಮಿತಾಭ, ಉತ್ತರದಲ್ಲಿ ಅಮೋಘಸಿದ್ಧಿ. ಐದನೆಯವನಾದ ವೈರೋಚನನ ಸ್ಥಾನ ಸ್ತೂಪದ ನಡುಮಧ್ಯ. ಅಲ್ಲಿದ್ದರೆ ಜನರಿಗೆ ಕಾಣಿಸನು, ಹಾಗಾಗಿ ಇಲ್ಲಿ ಅವನಿಗೂ ಅಕ್ಷೋಭ್ಯನ ಪಕ್ಕದಲ್ಲಿ ಗೂಡೊಂದನ್ನು ಕೊಟ್ಟಿದ್ದಾರೆ. ಈ ಐವರಿಗೂ ವಾಹನಗಳಿವೆ: ಆನೆ, ಕುದುರೆ, ನವಿಲು, ಗರುಡ, ಸಿಂಹ. ಪೂರ್ವದ ಮೆಟ್ಟಿಲುಗಳನ್ನು ಹತ್ತುವಾಗ ಇಕ್ಕೆಲಗಳಲ್ಲಿ ಜೋಡಿ ಜೋಡಿಯಾಗಿ ಕುಳಿತಿರುವ ಕಲ್ಲಿನ ಪ್ರಾಣಿಗಳು ಇವೇ. ಕೆಳಗೆ ಬುದ್ಧನ ಮೂರು ದೊಡ್ಡ ಮೂರ್ತಿಗಳಿಂದ ತೊಡಗಿ, ವಾಹನಗಳನ್ನು ಒಂದೊಂದಾಗಿ ದಾಟಿ, ಉಸಿರು ಕಟ್ಟುವ ಹೊತ್ತಿಗೆ ತಲೆ ಎತ್ತಿದರೆ ವಜ್ರ, ಅದರ ಹಿಂದೆ ಕಣ್ಣು. ನೈಋತ್ಯದಿಂದ ಟ್ಯಾಕ್ಸಿಯಲ್ಲಿ ಹೋದವರಿಗೆ ಈ ಕ್ರಮವೇ ತಪ್ಪಿಹೋಗುತ್ತದೆ; ಹಿತ್ತಿಲ ಬಾಗಿಲಿನಿಂದ ಮದುವೆ ಮನೆಗೆ ಹೋದ ಹಾಗೆ. ತಾಯಿಯವರಿಗೆ ಬೇರೆ ದಾರಿಯಿಲ್ಲ, ಸರಿ. ನೀವು ಮತ್ತು ಮಗ ಮಾತ್ರ ಪೂರ್ವದಿಂದಲೇ ಹತ್ತಬೇಕು ಎಂಬುದು ನನ್ನ ಒತ್ತಾಯ.

ಸ್ತೂಪ ಎಷ್ಟು ಹಳೆಯದು ಎಂದು ಕೇಳಿದರೆ ನೇರ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅದನ್ನು ಮತ್ತೆ ಮತ್ತೆ ಕಟ್ಟಿದ್ದಾರೆ. ಐದನೆಯ ಶತಮಾನದ ಲಿಚ್ಛವಿ ಅರಸರ ಕಾಲದಿಂದಲೂ ಇಲ್ಲಿ ಪೂಜಾಸ್ಥಾನವಿದೆ. 1349ರಲ್ಲಿ ಬಂಗಾಳದ ಸುಲ್ತಾನ ಶಂಸುದ್ದೀನ್ ಇಲಿಯಾಸನ ಸೇನೆ ಅದನ್ನು ಹಾಳುಗೆಡವಿತು, ಜನ ಮತ್ತೆ ಎತ್ತಿ ನಿಲ್ಲಿಸಿದರು. ವಜ್ರದ ಎರಡು ಪಕ್ಕಗಳಲ್ಲಿ ಪ್ರತಾಪ ಮಲ್ಲ ಪ್ರತಾಪಪುರ ಮತ್ತು ಅನಂತಪುರ ಎಂಬ ಎರಡು ಶಿಖರ ಗುಡಿಗಳನ್ನು ಕಟ್ಟಿಸಿದ್ದ. 2011ರಲ್ಲಿ ಸಿಡಿಲು ಪ್ರತಾಪಪುರಕ್ಕೆ ಬಡಿಯಿತು, 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅನಂತಪುರ ಕುಸಿಯಿತು. ಸ್ತೂಪ ಮಾತ್ರ ನಿಂತಿತು. 1979ರಿಂದ ಇದು ಕಾಠ್ಮಂಡು ಕಣಿವೆಯ ವಿಶ್ವ ಪರಂಪರೆಯ ತಾಣಗಳಲ್ಲಿ ಒಂದು. ಅದನ್ನು ಹೇಳುವ ಫಲಕದ ಮುಂದೆ ನಿಲ್ಲುವ ಸಮಯವನ್ನು ಗೂಡುಗಳ ಮುಂದೆ ಕಳೆಯಿರಿ.

ತುಂಗೆಯ ಮಗಳು (ಶಿವಮೊಗ್ಗ) ಉತ್ತರ:

ಮಾಸ್ತರರ ಬರಹ ಓದಿದ ಮೇಲೆ ನನ್ನದು ಮನೆಮಾತಿನಂತೆ ಕಾಣಬಹುದು, ಆದರೂ ಬರೆಯುತ್ತೇನೆ ಅಕ್ಕ; ನಾನು ಹೋದದ್ದು ನಮ್ಮ ಅತ್ತೆಯವರೊಂದಿಗೆ, ಅವರ ಪ್ರಶ್ನೆಯೂ ನಿಮ್ಮ ಅಮ್ಮನ ಪ್ರಶ್ನೆಯೇ ಆಗಿತ್ತು.

ಸ್ತೂಪದ ವಾಯವ್ಯದ ಬದಿಯಲ್ಲಿ ಚಿನ್ನದ ಬಣ್ಣದ ಮಾಡುಗಳಿರುವ ಪುಟ್ಟ ಗುಡಿಯೊಂದಿದೆ. ಅದು ಹಾರೀತಿಯ ಗುಡಿ. ಹಾರೀತಿ ರಾಜಗೃಹದಲ್ಲಿ ಮಕ್ಕಳನ್ನು ಕದ್ದೊಯ್ಯುತ್ತಿದ್ದ ಯಕ್ಷಿಣಿಯಂತೆ. ಬುದ್ಧ ಅವಳದೇ ಕೊನೆಯ ಮಗುವನ್ನು ಬಚ್ಚಿಟ್ಟಾಗ, ಮಗುವನ್ನು ಕಳೆದುಕೊಂಡ ತಾಯಿಯ ಸಂಕಟ ಏನೆಂದು ಅವಳಿಗೆ ಅರಿವಾಗಿ, ಅಂದಿನಿಂದ ಮಕ್ಕಳನ್ನು ಕಾಯುವ ದೇವಿಯಾದಳಂತೆ. ಸಿಡುಬಿನ ದೇವತೆಯೂ ಅವಳೇ. ಹಿಂದೂಗಳು ಅವಳನ್ನು ಶೀತಲೆ ಎಂದು ಪೂಜಿಸುತ್ತಾರೆ. ನೇವಾರರು ಅವಳನ್ನು ಕರೆಯುವುದು ಅಜಿಮಾ ಎಂದು, ಅವರ ಭಾಷೆಯಲ್ಲಿ ಅಜಿ ಎಂದರೆ ಅಜ್ಜಿ. ಇದನ್ನು ಕೇಳಿದ ನಮ್ಮ ಅತ್ತೆಗೆ ಬೇರೆ ಯಾವ ವಿವರಣೆಯೂ ಬೇಕಾಗಲಿಲ್ಲ. ‘ನಮ್ಮಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುತ್ತೇವೆ, ಇವರಲ್ಲಿ ಅಜ್ಜಿ ಬರುತ್ತಾಳೆ, ಅಷ್ಟೇ ತಾನೇ’ ಎಂದು ಹೇಳಿ, ಸಾಲಿನಲ್ಲಿ ನಿಂತುಬಿಟ್ಟರು. ಮುಂದೆ ನಿಂತಿದ್ದ ಹೆಂಗಸಿನ ಕಂಕುಳಲ್ಲಿ ಮಗುವಿತ್ತು, ಕೈಯಲ್ಲಿ ಹೂವು, ಅಕ್ಕಿ, ದೀಪಗಳ ತಟ್ಟೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆ ಹೆಂಗಸು ತನ್ನ ತಟ್ಟೆಯಿಂದ ಎರಡು ಚೆಂಡುಹೂವು ತೆಗೆದು ಅತ್ತೆಯ ಕೈಗೆ ಕೊಟ್ಟಳು. ಆದ್ದರಿಂದ ನಿಮ್ಮ ಅಮ್ಮನಿಗೆ ಹೇಳಿ: ಹೂವು ಕೊಡಬಹುದು, ಅಕ್ಕಿ ಕೊಡಬಹುದು, ದೀಪ ಹಚ್ಚಬಹುದು. ನಮ್ಮ ಕಡೆಯಂತೆ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸುವ ಕ್ರಮವನ್ನು ಮಾತ್ರ ಅಲ್ಲಿ ಹುಡುಕಬೇಡಿ.

ಸ್ತೂಪವನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತಬೇಕು, ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಂತೆ. ದಾರಿಯಲ್ಲಿರುವ, ಮಂತ್ರ ಕೆತ್ತಿದ ಮಣಿಚಕ್ರಗಳನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ಫೋಟೋದ ಗಡಿಬಿಡಿಯಲ್ಲಿ ಎದುರು ದಿಕ್ಕಿಗೆ ನಡೆದು, ಜಪ ಮಾಡುತ್ತ ಬರುವ ವಯಸ್ಸಾದವರಿಗೆ ಅಡ್ಡ ನಿಲ್ಲುವ ಪ್ರವಾಸಿಗರಿಗೆ ಅಲ್ಲಿ ಕೊರತೆಯಿಲ್ಲ. ಅಂಗಳದಲ್ಲಿ ಚಪ್ಪಲಿ ಹಾಕಿಕೊಂಡೇ ನಡೆಯುತ್ತಾರೆ. ಇದು ನಮಗೆ ವಿಚಿತ್ರವೆನಿಸುತ್ತದೆ. ಗುಡಿಯ ಒಳಗೆ, ಟಿಬೆಟಿನವರ ಗೊಂಪಾದ, ಅಂದರೆ ಬೌದ್ಧ ಮಠದ, ಒಳಗೆ ಹೋಗುವಾಗ ಬಿಡಬೇಕು. ಪೂಜೆಯಲ್ಲಿ ಕುಳಿತವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಕೇಳುವುದು ಒಳ್ಳೆಯದು.

ಕೋತಿಗಳ ವಿಷಯದಲ್ಲಿ ನಿಮ್ಮ ಭಯ ಸರಿಯಾಗಿಯೇ ಇದೆ. ನಾನು ಹಾರೀತಿಗೆಂದು ಕೊಂಡಿದ್ದ ಬಾಳೆಹಣ್ಣಿನ ಪ್ಲಾಸ್ಟಿಕ್ ಚೀಲ ಹತ್ತು ಹೆಜ್ಜೆ ದಾಟುವುದರೊಳಗೆ ಗೋಡೆಯ ಮೇಲಿತ್ತು. ತಪ್ಪು ನನ್ನದೇ, ಚೀಲವನ್ನು ತೂಗಾಡಿಸಿಕೊಂಡು ಹೋಗುತ್ತಿದ್ದೆ. ತಿನಿಸು, ನೀರಿನ ಬಾಟಲಿ, ಪ್ಲಾಸ್ಟಿಕ್ ಚೀಲ ಇವು ಯಾವುವೂ ಕೈಯಲ್ಲಿ ಕಾಣಿಸಬಾರದು. ಕಿತ್ತುಕೊಂಡರೆ ಮರಳಿ ಎಳೆಯಬೇಡಿ, ಹಲ್ಲು ತೋರಿಸಿ ನಗಬೇಡಿ, ಮರಿಗಳ ಹತ್ತಿರ ಹುಡುಗನನ್ನು ಬಿಡಬೇಡಿ. ಕಚ್ಚಿದರೆ ಅಥವಾ ಪರಚಿದರೆ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು. ಊರಿಗೆ ಹೋದ ಮೇಲೆ ನೋಡೋಣ ಎಂದು ಮುಂದೂಡಬಾರದು. ಈ ಕೋತಿಗಳನ್ನು ಅಲ್ಲಿಯವರು ಓಡಿಸುವುದಿಲ್ಲ, ಏಕೆಂದರೆ ಅವು ಮಂಜುಶ್ರೀಯ ತಲೆಯ ಹೇನುಗಳಿಂದ ಹುಟ್ಟಿದವಂತೆ. ನಿಮ್ಮ ಮಗನಿಗೆ ಈ ಕಥೆ ಖಂಡಿತ ಇಷ್ಟವಾಗುತ್ತದೆ.

ಕಬಿನಿ ತೀರ ಮರುಪ್ರಶ್ನೆ:

ಮೂವರಿಗೂ ಕೃತಜ್ಞತೆಗಳು. ಅಜಿಮಾಳ ಕಥೆಯನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ಅವರಿಗೇ ನನಗಿಂತ ಹೆಚ್ಚು ಆತುರ. ಹೇನಿನ ಕಥೆಯನ್ನು ಮಗನಿಗೆ ಹೇಳಿ ತಪ್ಪು ಮಾಡಿದೆನೇನೋ, ಮಂಜುಶ್ರೀ ಯಾರು, ಅವನೇಕೆ ತಲೆ ಬಾಚಿಕೊಳ್ಳಲಿಲ್ಲ ಎಂದು ಬೆಳಗಿನಿಂದ ಕೇಳುತ್ತಿದ್ದಾನೆ. ಮಾಸ್ತರರೇ, ಇದಕ್ಕೆ ನೀವೇ ಉತ್ತರ ಹೇಳಬೇಕು. ವಿಷ್ಣುಮತಿ ಸರ್, ಪೂರ್ವದ ಮೆಟ್ಟಿಲು ಮತ್ತು ಅಮ್ಮನ ಮಂಡಿ ಎರಡನ್ನೂ ಒಂದೇ ದಿನದಲ್ಲಿ ಹೊಂದಿಸುವುದು ಹೇಗೆ? ಅಮ್ಮನನ್ನು ಮೇಲೆ ಒಬ್ಬರೇ ಕೂರಿಸಿ ನಾವು ಕೆಳಗಿಳಿದು ಮತ್ತೆ ಹತ್ತುವುದು ನನಗೆ ಒಪ್ಪಿಗೆಯಿಲ್ಲ.

ಧಾರವಾಡದ ಮಾಸ್ತರ ಉತ್ತರ:

ಸ್ವಯಂಭೂ ಪುರಾಣದ ಪ್ರಕಾರ ಈ ಕಣಿವೆ ಹಿಂದೆ ದೊಡ್ಡ ಸರೋವರವಾಗಿತ್ತು. ಗೌತಮನಿಗಿಂತ ಹಿಂದಿನ ಯುಗದ ವಿಪಶ್ವಿ ಬುದ್ಧ ಅದರಲ್ಲಿ ತಾವರೆಯ ಬೀಜವನ್ನು ಬಿತ್ತಿದ; ತಾವರೆ ಅರಳಿ ಅದರ ಮೇಲೆ ಬೆಳಕೊಂದು ತಾನಾಗಿಯೇ ಮೂಡಿತು. ತಾನಾಗಿ ಮೂಡಿದ್ದರಿಂದ ಅದು ಸ್ವಯಂಭೂ. ಉತ್ತರದಿಂದ ಬಂದ ಬೋಧಿಸತ್ತ್ವ ಮಂಜುಶ್ರೀ ಜನರು ಆ ಬೆಳಕಿನ ಬಳಿಗೆ ನಡೆದು ಹೋಗುವಂತಾಗಲಿ ಎಂದು ದಕ್ಷಿಣದ ಚೋಭಾರದಲ್ಲಿ ಬೆಟ್ಟವನ್ನು ಖಡ್ಗದಿಂದ ಸೀಳಿದ, ನೀರು ಹರಿದುಹೋಯಿತು, ತಾವರೆ ಗುಡ್ಡವಾಯಿತು. ಕಣಿವೆ ಒಂದು ಕಾಲಕ್ಕೆ ಸರೋವರವಾಗಿತ್ತು ಎಂಬುದನ್ನು ಭೂವಿಜ್ಞಾನಿಗಳೂ ಒಪ್ಪುತ್ತಾರೆ. ಅಲ್ಲಿನ ಕಪ್ಪು ಜೇಡಿಮಣ್ಣು ಸರೋವರದ ತಳದ್ದೇ. ಬಾಗಮತಿ ನದಿ ಈಗಲೂ ಚೋಭಾರದ ಆ ಸೀಳಿನಿಂದಲೇ ಕಣಿವೆಯ ಹೊರಗೆ ಹರಿಯುತ್ತದೆ. ಇಷ್ಟು ಕೆಲಸವಿದ್ದವನಿಗೆ ತಲೆ ಬಾಚಿಕೊಳ್ಳಲು ಪುರುಸೊತ್ತು ಎಲ್ಲಿ ಎಂದು ಹುಡುಗನಿಗೆ ಹೇಳಿ.

ವಿಷ್ಣುಮತಿ ಉತ್ತರ:

ಒಂದೇ ದಿನದಲ್ಲಿ ಹೊಂದಿಸಬೇಡಿ, ಎರಡು ಸಲ ಹೋಗಿ. ಅಮ್ಮನವರೊಂದಿಗೆ ಒಂದು ದಿನ ಟ್ಯಾಕ್ಸಿಯಲ್ಲಿ ನೈಋತ್ಯದ ಕಡೆಯಿಂದ ಹೋಗಿ ಹಾರೀತಿಯ ಗುಡಿ, ಪ್ರದಕ್ಷಿಣೆ ಎಲ್ಲವನ್ನೂ ನಿಧಾನವಾಗಿ ಮುಗಿಸಿಕೊಳ್ಳಿ. ಗುಡಿಯ ಮುಂದೆ ಶನಿವಾರ ಜನ ಹೆಚ್ಚು, ಏಕೆಂದರೆ ನೇಪಾಳದಲ್ಲಿ ವಾರದ ರಜೆ ಶನಿವಾರ. ಆ ದಿನವನ್ನು ಬಿಟ್ಟುಬಿಡಿ. ಇನ್ನೊಂದು ದಿನ ಅಮ್ಮ ಹೋಟೆಲಿನಲ್ಲಿ ಜಪ, ಕಾಫಿ ಮುಗಿಸುವಷ್ಟರಲ್ಲಿ ನೀವು ಮತ್ತು ಮಗ ಬೆಳಕು ಹರಿಯುವ ಮೊದಲೇ ಹೊರಡಿ. ಪ್ರವಾಸಿಗರ ಹೋಟೆಲುಗಳಿರುವ ಥಮೇಲಿನಲ್ಲಿ ಉಳಿದುಕೊಂಡರೆ ವಿಷ್ಣುಮತಿ ನದಿಯನ್ನು ದಾಟಿ ಸುಮಾರು ಎರಡು ಕಿಲೋಮೀಟರ್ ನಡಿಗೆ. ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಪ್ರವಾಸಿಗರಿಗಿಂತ ಊರಿನವರೇ ಹೆಚ್ಚು. ಮುದುಕರು ಜಪಮಣಿ ಎಣಿಸುತ್ತ ನಿಮ್ಮನ್ನು ಹಿಂದೆ ಹಾಕಿ ಮೇಲೆ ಹೋಗುತ್ತಾರೆ. ಶ್ರಾವಣದ ಸುಮಾರಿಗೆ ಬರುವ ಗುಂಲಾ ಎಂಬ ಅವರ ಪವಿತ್ರ ಮಾಸದಲ್ಲಾದರೆ ಡೋಲು ತಾಳಗಳೊಂದಿಗೆ ಇಡೀ ಬೀದಿಗಳೇ ಬೆಳಗಿನ ಜಾವ ಇಲ್ಲಿಗೆ ಹತ್ತಿಬರುತ್ತವೆ, ನವೆಂಬರಿನಲ್ಲಿ ನಿಮಗೆ ಅದು ಸಿಗುವುದಿಲ್ಲ. ಮೆಟ್ಟಿಲುಗಳು ಪೂರ್ವಕ್ಕೆ ಇರುವುದರಿಂದ ಮೇಲೆ ತಲುಪಿ ತಿರುಗಿ ನಿಂತರೆ ಸೂರ್ಯ ಎದುರಿಗೇ ಏಳುತ್ತಾನೆ.

ಅಮ್ಮನವರೊಂದಿಗೆ ಹೋಗುವ ದಿನಕ್ಕೆ ಒಂದು ಮಾತು ಬಾಕಿ ಉಳಿಯಿತು. ಟ್ಯಾಕ್ಸಿಯವನನ್ನು ಹೋಗಿ ಬರಲು ಮಾತಾಡಿಕೊಂಡು ಅಲ್ಲಿಯೇ ನಿಲ್ಲಿಸಿಕೊಳ್ಳಿ, ಇಳಿದ ಜಾಗದ ಮತ್ತು ಗಾಡಿಯ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮೇಲಿನ ಅಂಗಳದಿಂದ ಕೆಳಗಿಳಿಯುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಅಂಗಡಿಗಳ ನಡುವೆ ದಿಕ್ಕು ತಪ್ಪಿ ಬೇರೆ ದಾರಿಯಲ್ಲಿ ಇಳಿದರೆ ಅಮ್ಮನವರು ಮತ್ತೆ ಹತ್ತಬೇಕಾಗುತ್ತದೆ.